ಫೋನ್ ಬಂದರೆ ಟಿವಿ ನಿಲ್ಲುತ್ತಿತ್ತು: ಊರಿನ ಮನೆಯ ಡಿಶ್ ರಿಪೇರಿ

ದೀಪಾವಳಿಗೆ ಊರಿಗೆ ಹೋಗಿದ್ದೆ. ನಾನು ಬ್ಯಾಗ್ ಕೆಳಗಿಡುವ ಮೊದಲೇ ಅಪ್ಪಯ್ಯ ಶುರು ಮಾಡಿದರು. "ಆ ಟಿವಿಗೆ ಎಂತ ಆಗಿದೆ ನೋಡು ಮಾರಾಯ. ವಾರ್ತೆ ಅರ್ಧಕ್ಕೇ ನಿಲ್ತದೆ."

ಅಮ್ಮ ಒಳಗಿನಿಂದಲೇ ಕೂಗಿ ಹೇಳಿದರು. "ಯಾರದಾದ್ರೂ ಫೋನ್ ಬಂದಾಗ್ಲೇ ನಿಲ್ಲೋದು ಅಂತ ಆವಾಗಿಂದ ಹೇಳ್ತಾ ಇದ್ದೇನೆ. ಯಾರೂ ಕಿವಿಗೆ ಹಾಕ್ಕೊಳ್ಳೋದಿಲ್ಲ."

ಆ ಮಾತನ್ನು ನಾನೂ ಅವತ್ತು ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಕಾಯಿಲೆಗೆ ಮದ್ದು ಆ ಮಾತಲ್ಲೇ ಇತ್ತು.

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ, ಅಡಿಕೆ ತೋಟದ ಪಕ್ಕ. ಹಳೇ ಹೆಂಚಿನ ಮನೆ. ಬಚ್ಚಲುಮನೆಗೆ ಮಾತ್ರ ತಾರಸಿ ಇದೆ, ಅದರ ಮೇಲೆ 60 ಸೆಂಟಿಮೀಟರ್ ಡಿಶ್. ಅಲ್ಲಿಂದ ಕೇಬಲ್ ಅಟ್ಟ ಹತ್ತಿ, ತೊಲೆಯ ಗುಂಟ ಬಂದು, ಜಗಲಿಯ ಕಿಟಕಿ ಮೇಲಿಂದ ಟಿವಿಗೆ ಇಳಿಯುತ್ತದೆ. ಇರುವುದು ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ಇಬ್ಬರಿಗೆ ಬೇಕಾದ ಚಾನೆಲ್ ಇದ್ದಾವೆ, ಸಾಕು.

ಕಳೆದ ಒಂದು ವರ್ಷದಲ್ಲಿ ಪೇಟೆಯಿಂದ ಬಂದವರು ಒಮ್ಮೆ ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್ ಬದಲಾಯಿಸಿದ್ದರು, ಇನ್ನೊಮ್ಮೆ ಡಿಶ್ ಮುಂದೆ ನಿಂತು ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಯಾದ ಎಲ್‌ಎನ್‌ಬಿ ಬದಲಾಯಿಸಿದ್ದರು. ಎರಡು ಸಲವೂ ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಹಾಗಾಗಿ ಈ ಸಲ ಏನನ್ನೂ ಬಿಚ್ಚುವ ಮೊದಲು ಎರಡು ದಿನ ಸುಮ್ನೆ ನೋಡೋಣ ಅಂದುಕೊಂಡೆ. ಗೋಡೆಯ ಕ್ಯಾಲೆಂಡರಿಗೆ ಒಂದು ಪೆನ್ಸಿಲ್ ಕಟ್ಟಿದೆ. ಟಿವಿ ನಿಂತಾಗಲೆಲ್ಲ ಗಂಟೆ ಎಷ್ಟು, ಯಾವ ಚಾನೆಲ್, ಮಳೆ ಇತ್ತಾ ಇಲ್ವಾ, ಇಷ್ಟನ್ನು ಬರೆಯಲು ಅಮ್ಮನಿಗೆ ಹೇಳಿದೆ. ಅಮ್ಮ ಇನ್ನೂ ಒಂದನ್ನು ತಾವಾಗಿಯೇ ಸೇರಿಸಿದರು. ಕೆಲವು ಸಾಲುಗಳ ಮುಂದೆ 'ಫೋ' ಅಂತ ಒಂದಕ್ಷರ.

ಎರಡು ದಿನದ ಪಟ್ಟಿ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಇಲ್ಲಿದ್ದದ್ದು ಒಂದು ತೊಂದರೆ ಅಲ್ಲ, ಎರಡು. ಮಳೆ ಬಂದಾಗ, ಆಮೇಲೆ ಬೆಳಗಿನ ಇಬ್ಬನಿ ಹೊತ್ತಿನಲ್ಲಿ ಎಲ್ಲ ಚಾನೆಲ್ಲೂ ಒಟ್ಟಿಗೆ ಹೋಗುತ್ತಿದ್ದವು. ಪರದೆ ಮೇಲೆ 'ನೋ ಸಿಗ್ನಲ್'. ಮಳೆ ನಿಂತು ಎರಡು ಮೂರು ಗಂಟೆ ಆದರೂ ಬರುತ್ತಿರಲಿಲ್ಲ. ಇನ್ನೊಂದು ತೊಂದರೆ ಒಣ ಹೊತ್ತಿನದು. ಕೆಲವೇ ಚಾನೆಲ್‌ಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ಕತ್ತರಿಸುತ್ತದೆ, ಒಂದೆರಡು ನಿಮಿಷ ಬಿಟ್ಟು ತಾನೇ ಸರಿಯಾಗುತ್ತದೆ. ಬೇರೆ ಚಾನೆಲ್‌ಗೆ ಅದೇ ಹೊತ್ತಲ್ಲಿ ಏನೂ ಆಗುವುದಿಲ್ಲ. 'ಫೋ' ಇದ್ದದ್ದೆಲ್ಲ ಈ ಎರಡನೇ ಗುಂಪಿನ ಸಾಲುಗಳ ಮುಂದೆ.

ಹಳೇ ಆಂಟೆನಾ ಕಾಲದಲ್ಲಿ ಸಿಗ್ನಲ್ ಕಡಿಮೆಯಾದರೆ ಪರದೆ ತುಂಬ ಚುಕ್ಕಿ ಬರುತ್ತಿತ್ತು. ಮಸುಕಾದರೂ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಮಟ್ಟದವರೆಗೆ ಬಾಕ್ಸ್ ತಪ್ಪುಗಳನ್ನು ತಾನೇ ತಿದ್ದಿಕೊಂಡು ಚಿತ್ರವನ್ನು ಚೊಕ್ಕವಾಗಿ ತೋರಿಸುತ್ತದೆ. ಆ ಮಟ್ಟಕ್ಕಿಂತ ಒಂದು ಕೂದಲೆಳೆ ಕೆಳಗಿಳಿದರೆ ಚಿತ್ರವೇ ಇಲ್ಲ. ಹಾಗಾಗಿ ಚಿತ್ರ ಚೆನ್ನಾಗಿದೆ ಅಂದ ಮಾತ್ರಕ್ಕೆ ಸಿಗ್ನಲ್ ಚೆನ್ನಾಗಿದೆ ಅಂತ ಅಲ್ಲ. ಅದು ಬಾವಿ ಕಟ್ಟೆಯ ಅಂಚಿನಲ್ಲಿ ನಿಂತಿರಬಹುದು.

ಅದನ್ನು ನೋಡಲು ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ: ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ. ಸ್ಟ್ರೆಂಗ್ತ್ ಅಂದರೆ ಕೇಬಲ್‌ನಲ್ಲಿ ಒಟ್ಟು ಎಷ್ಟು ಶಕ್ತಿ ಬರುತ್ತಿದೆ ಅನ್ನುವುದು. ಅದರಲ್ಲಿ ಬೇಡದ ಗಲಾಟೆಯೂ (ನಾಯ್ಸ್) ಸೇರಿರುತ್ತದೆ. ಕ್ವಾಲಿಟಿ ಅಂದರೆ ಅದರಲ್ಲಿ ಬಾಕ್ಸಿಗೆ ಅರ್ಥವಾಗುವುದು ಎಷ್ಟು ಅನ್ನುವುದು. ನೋಡಬೇಕಾದ್ದು ಕ್ವಾಲಿಟಿಯನ್ನು. ಈ ಶೇಕಡಾ ಲೆಕ್ಕ ಒಂದೊಂದು ಬಾಕ್ಸಿನಲ್ಲಿ ಒಂದೊಂದು ಥರ, ಹಾಗಾಗಿ ಪಕ್ಕದ ಮನೆಯ ಬಾಕ್ಸಿಗೆ ಹೋಲಿಸಿ ಪ್ರಯೋಜನ ಇಲ್ಲ. ಒಂದೇ ಬಾಕ್ಸಿನಲ್ಲಿ ಇವತ್ತು ಎಷ್ಟು, ನಾಳೆ ಎಷ್ಟು ಅಂತ ನೋಡಬೇಕು. ಉಪಗ್ರಹದಿಂದ ಚಾನೆಲ್‌ಗಳು ಗುಂಪು ಗುಂಪಾಗಿ ಬರುತ್ತವೆ, ಒಂದೊಂದು ಗುಂಪಿಗೆ ಒಂದೊಂದು ಫ್ರೀಕ್ವೆನ್ಸಿ. ನಮ್ಮ ಮನೆಯಲ್ಲಿ ಒಣ ಮಧ್ಯಾಹ್ನ 11090 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಸ್ಟ್ರೆಂಗ್ತ್ 81, ಕ್ವಾಲಿಟಿ 58. 11470ರಲ್ಲಿ ಕ್ವಾಲಿಟಿ ಬರೀ 46. ನಮ್ಮ ಬಾಕ್ಸಿನಲ್ಲಿ 40ರ ಹತ್ತಿರ ಬಂದರೆ ಚಿತ್ರ ಒಡೆಯುತ್ತದೆ. ಅಂದರೆ ಒಳ್ಳೆಯ ದಿನದಲ್ಲೂ ಅಂಚಿನಲ್ಲೇ ಇತ್ತು.

ಮೂರನೇ ದಿನ ಬೆಳಿಗ್ಗೆ ತಾರಸಿ ಹತ್ತಿದೆ. ಹತ್ತುವ ಮೊದಲು ಬಾಕ್ಸಿನ ಪ್ಲಗ್ ಕಿತ್ತಿಟ್ಟೆ. ಇದನ್ನು ಮರೆಯಬಾರದು. ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಇದೇ ಕೇಬಲ್‌ನಲ್ಲಿ, ಬಾಕ್ಸಿನಿಂದ 13 ಅಥವಾ 18 ವೋಲ್ಟ್. ಕನೆಕ್ಟರ್ ಬಿಚ್ಚುವಾಗ ಒಳಗಿನ ತಂತಿ ಹೊರಗಿನ ಜಾಲರಿಗೆ ತಾಗಿದರೆ ಬಾಕ್ಸ್ ಸುಟ್ಟರೂ ಸುಟ್ಟೀತು. ದೀಪಾವಳಿ ಹೊತ್ತು ನಮ್ಮಲ್ಲಿ ಹಿಂಗಾರಿನ ಗುಡುಗು ಸಿಡಿಲು ಬೇರೆ. ಆಕಾಶ ನೋಡಿಕೊಂಡೇ ಹತ್ತಬೇಕು.

ಅಪ್ಪಯ್ಯನ ಅನುಮಾನ ಇದ್ದದ್ದು ಅಡಿಕೆ ಮರದ ಮೇಲೆ. "ಆ ಮೂಲೆ ಮರ ಎತ್ತರ ಆಗಿದೆ, ಕಡಿಯೋದಾ?" ಅಂತ ಕೇಳಿದರು. ಫಲ ಬಿಡುವ ಮರ ಕಡಿಯುವ ಮಾತು ಬಂದಾಗ ಲೆಕ್ಕ ಹಾಕಿಯೇ ಹೇಳಬೇಕು, ಅಲ್ವಾ?

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಿದ್ದು. ಸಮಭಾಜಕದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ತೀರ್ಥಹಳ್ಳಿಯಿಂದ ನೋಡಿದರೆ ಅದು ಆಗ್ನೇಯಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದ ಹಾಗೆ ಸಿಗುತ್ತದೆ. ಉತ್ತರದಿಂದ ಅಳೆದರೆ ಸುಮಾರು 126 ಡಿಗ್ರಿ. ನೆಲದಿಂದ ಮೇಲಕ್ಕೆ ಸುಮಾರು 63 ಡಿಗ್ರಿ. ಬೆಂಗಳೂರಿನಲ್ಲಾದರೆ 128 ಮತ್ತು 66. ಈ 63 ಡಿಗ್ರಿ ಅನ್ನುವುದು ತುಂಬ ಕಡಿದಾದ ಕೋನ. ಮರ ಡಿಶ್‌ನಿಂದ ಎಷ್ಟು ದೂರ ಇದೆಯೋ, ಡಿಶ್‌ಗಿಂತ ಅದರ ಎರಡು ಪಟ್ಟು ಎತ್ತರ ಬೆಳೆದರೆ ಮಾತ್ರ ಅಡ್ಡ ಬರುತ್ತದೆ. ಮೂಲೆ ಮರ ಇದ್ದದ್ದು ಎಂಟು ಮೀಟರ್ ದೂರದಲ್ಲಿ. ಅಡ್ಡ ಬರಬೇಕಾದರೆ ತಾರಸಿಯಿಂದ 16 ಮೀಟರ್ ಮೇಲೆ ಹೋಗಬೇಕು. ಅದು ಅರ್ಧವೂ ಹೋಗಿರಲಿಲ್ಲ. ಮರ ಉಳಿಯಿತು.

ಡಿಶ್ ಮುಖ ನೋಡಿದರೆ ಇನ್ನೂ ಕೆಳಕ್ಕೆ ತಿರುಗಿದ ಹಾಗೆ ಕಾಣುತ್ತದೆ, ಅಷ್ಟು ಮೇಲೆ ನೋಡುತ್ತಿಲ್ಲವಲ್ಲ ಅನ್ನಿಸಬಹುದು. ಈ ಡಿಶ್‌ಗಳು ಆಫ್‌ಸೆಟ್ ಮಾದರಿಯವು, ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಗಿರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಓರೆಯನ್ನು ನಂಬಬಾರದು, ಹಿಂದಿನ ಕ್ಲ್ಯಾಂಪಿನ ಮೇಲಿರುವ ಅಂಕಿ ನೋಡಬೇಕು. ಬೋಲ್ಟುಗಳು ಬಿಗಿಯಾಗಿದ್ದವು. ಡಿಶ್ ಕದಲಿರಲಿಲ್ಲ.

ಆಮೇಲೆ ಎಲ್‌ಎನ್‌ಬಿಗೆ ಹೋಗುವ ಕೇಬಲ್ ತುದಿ. ಹೊಸ ಎಲ್‌ಎನ್‌ಬಿ ಹಾಕಿದವರು ಹಳೇ ಕನೆಕ್ಟರನ್ನೇ ತಿರುಗಿಸಿ ಬಿಟ್ಟಿದ್ದರು. 11ರ ಸ್ಪ್ಯಾನರ್ ಹಾಕಿ ಬಿಚ್ಚಿದಾಗ ಮೊದಲು ಬಂದದ್ದು ಎರಡು ಹನಿ ನೀರು. ಅದು ಅಂಗೈ ಮೇಲೆ ಬಿತ್ತು. ಕನೆಕ್ಟರಿನ ಒಳಗೆ ಹಸಿರು ಕಿಲುಬು, ನಮ್ಮ ದೇವರ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವಲ್ಲ, ಥೇಟ್ ಅದೇ ಹಸಿರು. ನಡುವಿನ ತಂತಿಯ ತುದಿ ಕಪ್ಪಾಗಿತ್ತು. ಉಗುರಿನಿಂದ ಕೆರೆದರೆ ತಾಮ್ರ ಎದ್ದು ಒಳಗೆ ಕಂದು ತುಕ್ಕು ಕಂಡಿತು.

ಇಲ್ಲಿ ಒಂದು ಮಾತು. ಅಂಗಡಿಯಲ್ಲಿ ಡಿಶ್‌ಗೆ ಅಂತ ಸಿಗುವ ಎಷ್ಟೋ ಆರ್‌ಜಿ-6 ಕೇಬಲ್‌ಗಳ ನಡುವಿನ ತಂತಿ ಪೂರ್ತಿ ತಾಮ್ರದ್ದಲ್ಲ. ಉಕ್ಕಿನ ತಂತಿಗೆ ತಾಮ್ರದ ತೆಳು ಲೇಪ. ಅದು ಮೋಸ ಅಲ್ಲ, ಇಷ್ಟು ಹೆಚ್ಚಿನ ಫ್ರೀಕ್ವೆನ್ಸಿಯ ಸಿಗ್ನಲ್ ಹರಿಯುವುದೇ ತಂತಿಯ ಮೈಮೇಲೆ, ಒಳಗೆ ಇಳಿಯುವುದಿಲ್ಲ. ಆದರೆ ನೀರು ಹೊಕ್ಕು ಆ ಲೇಪ ಹೋಯಿತೆಂದರೆ ಸಿಗ್ನಲ್‌ಗೆ ದಾರಿಯೇ ಹೋದಂತೆ. ಒಣ ಪ್ರದೇಶದಲ್ಲಿ ಇದು ಹತ್ತು ವರ್ಷ ತಡೆಯಬಹುದು. ನಮ್ಮದು ಆಗುಂಬೆಯ ನೆರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಇಲ್ಲಿ ಬಾಯಿ ತೆರೆದ ಕನೆಕ್ಟರ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಜೋರು ಮಳೆಯಲ್ಲಿ ಡಿಶ್ ಟಿವಿ ಸ್ವಲ್ಪ ಹೊತ್ತು ನಿಲ್ಲುವುದು ಸಹಜ. 11 ಗಿಗಾಹರ್ಟ್ಸ್ ಅಲೆಯನ್ನು ದಪ್ಪ ಹನಿಗಳು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಅದಕ್ಕೆ ಯಾವ ರಿಪೇರಿಯೂ ಇಲ್ಲ. ಆದರೆ ಮಳೆ ಇಳಿದ ಕೂಡಲೇ ಅದು ತಾನೇ ಸರಿಹೋಗಬೇಕು. ಮಳೆ ನಿಂತು ಅರ್ಧ ಗಂಟೆ ಕಳೆದರೂ ಬರದಿದ್ದರೆ ನೀರು ಆಕಾಶದಲ್ಲಿಲ್ಲ, ಕೇಬಲ್‌ನಲ್ಲಿದೆ.

ಕೇಬಲ್‌ನ ಸ್ಥಿತಿ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಎರಡೂ ತುದಿ ಬಿಚ್ಚಿಕೊಂಡು, ಮೇಲಿನ ತುದಿಯಲ್ಲಿ ನಡುವಿನ ತಂತಿಯನ್ನೂ ಜಾಲರಿಯನ್ನೂ ಒಂದು ಕ್ಲಿಪ್ ಹಾಕಿ ಕೂಡಿಸಿದೆ. ಕೆಳಗೆ ಟಿವಿ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ, ನೋಡಿದೆ. 25 ಮೀಟರ್ ಆರೋಗ್ಯವಂತ ಕೇಬಲ್ ಆದರೆ 3 ಓಮ್ ಆಸುಪಾಸು ಬರಬೇಕು. ನನಗೆ ಬಂದದ್ದು 22. ನೋಡುತ್ತಿದ್ದ ಹಾಗೇ 31. ಮತ್ತೆ 26. ಒಂದೇ ಕಡೆ ನಿಲ್ಲಲೇ ಇಲ್ಲ. ಎಲ್‌ಎನ್‌ಬಿ 100ರಿಂದ 150 ಮಿಲಿಆಂಪ್ ಎಳೆಯುತ್ತದೆ. 30 ಓಮ್ ದಾರಿಯಲ್ಲಿ ಅಷ್ಟು ಕರೆಂಟ್ ಹರಿದರೆ 3ರಿಂದ 4.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬಾಕ್ಸ್ ಕೊಟ್ಟ 13 ವೋಲ್ಟ್ ಮೇಲೆ ತಲುಪುವಾಗ 9. ಅಷ್ಟರಲ್ಲಿ ಎಲ್‌ಎನ್‌ಬಿ ನೆಟ್ಟಗೆ ಕೆಲಸ ಮಾಡುವುದಿಲ್ಲ. ಇಬ್ಬನಿ ಬಿದ್ದ ಬೆಳಿಗ್ಗೆ ಎಲ್ಲ ಚಾನೆಲ್ಲೂ ಒಟ್ಟಿಗೆ ಹೋಗುತ್ತಿದ್ದದ್ದು ಇದಕ್ಕೇ.

ಮೇಲಿನ ಕನೆಕ್ಟರ್ ಕತ್ತರಿಸಿ, ಒಳ್ಳೆಯ ತಾಮ್ರ ಕಾಣುವವರೆಗೆ ಒಂದಡಿ ಕೇಬಲ್ ತೆಗೆದು, ಹೊಸದು ಹಾಕಿದೆ. ಓಮ್ 9ಕ್ಕೆ ಇಳಿಯಿತು. ಇನ್ನೂ 3 ಆಗಿಲ್ಲ. ಕುಣಿಯುವುದೂ ನಿಂತಿಲ್ಲ. ಅಂದರೆ ದಾರಿಯಲ್ಲಿ ಇನ್ನೆಲ್ಲೋ ಹುಳುಕಿದೆ. ಅಷ್ಟರಲ್ಲಿ ಸಂಜೆಯಾಯಿತು, ಅಟ್ಟ ಕತ್ತಲು. ಕೇಬಲ್ ಮತ್ತೆ ಸಿಕ್ಕಿಸಿ ಟಿವಿ ಹಾಕಿದೆವು. 11090ರಲ್ಲಿ ಕ್ವಾಲಿಟಿ 58 ಇದ್ದದ್ದು 70ಕ್ಕೆ ಏರಿತ್ತು. 11470ರಲ್ಲಿ 57. ಅಪ್ಪಯ್ಯ ಖುಷಿಯಾದರು. ರಾತ್ರಿ ಎಂಟಕ್ಕೆ ಅತ್ತೆಯ ಫೋನ್ ಬಂತು. ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು.

ಅಮ್ಮ ಏನೂ ಹೇಳಲಿಲ್ಲ. ಕ್ಯಾಲೆಂಡರಿನ ಹತ್ತಿರ ಹೋಗಿ 'ಫೋ' ಬರೆದು ಬಂದರು.

ಆಗ ನಾನು ಆ ಪಟ್ಟಿಯನ್ನು ಸರಿಯಾಗಿ ಓದಿದೆ. 'ಫೋ' ಸಾಲಿನಲ್ಲಿದ್ದ ಚಾನೆಲ್‌ಗಳನ್ನು ಒಂದೊಂದಾಗಿ ಹಾಕಿ, ರಿಮೋಟಿನ ಇನ್ಫೋ ಬಟನ್ ಒತ್ತಿ ಫ್ರೀಕ್ವೆನ್ಸಿ ನೋಡಿದೆ. ಎಲ್ಲವೂ 11470. ಒಂದೂ ತಪ್ಪಿಲ್ಲ.

ಇದು ಯಾಕೆ ಅಂತ ಅರ್ಥವಾಗಲು ಎಲ್‌ಎನ್‌ಬಿ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಉಪಗ್ರಹದಿಂದ ಬರುವ 11 ಸಾವಿರ ಚಿಲ್ಲರೆ ಮೆಗಾಹರ್ಟ್ಸ್ ಸಿಗ್ನಲ್ ಸಾಮಾನ್ಯ ಕೇಬಲ್‌ನಲ್ಲಿ ಹರಿಯಲಾರದು. ಅದಕ್ಕೇ ಎಲ್‌ಎನ್‌ಬಿ ಅದರಿಂದ 9750 ಕಳೆದು ಕೆಳಕ್ಕೆ ಇಳಿಸಿ ಕಳಿಸುತ್ತದೆ. 11090 ಇದ್ದದ್ದು ಕೇಬಲ್‌ನಲ್ಲಿ 1340 ಆಗುತ್ತದೆ. 11470 ಇದ್ದದ್ದು 1720 ಆಗುತ್ತದೆ. ಇನ್ನು ಮೊಬೈಲಿನ ಕಡೆ ನೋಡಿ. ನಮ್ಮ ದೇಶದಲ್ಲಿ 1800 ಬ್ಯಾಂಡ್ ಅನ್ನುತ್ತಾರಲ್ಲ, ಅದರಲ್ಲಿ ಟವರಿನಿಂದ ಫೋನಿಗೆ ಬರುವುದು 1805ರಿಂದ 1880. ಫೋನಿನಿಂದ ಟವರಿಗೆ ಹೋಗುವುದು 1710ರಿಂದ 1785. ನಮ್ಮ 1720 ಸರಿಯಾಗಿ ಆ ಹಾದಿಯಲ್ಲೇ ಕೂತಿದೆ!

ಕೇಬಲ್ ಗಟ್ಟಿಯಾಗಿದ್ದರೆ ಇದರಿಂದ ಏನೂ ಆಗುವುದಿಲ್ಲ. ಹೊರಗಿನ ಜಾಲರಿ, ಅಲ್ಯುಮಿನಿಯಂ ಹಾಳೆ ಇರುವುದೇ ಹೊರಗಿನದನ್ನು ಹೊರಗೇ ತಡೆಯಲು. ಆದರೆ ಎಲ್ಲಾದರೂ ಬಾಯಿ ಬಿಟ್ಟಿದ್ದರೆ? ಕೇಬಲ್‌ನೊಳಗಿನ ಉಪಗ್ರಹದ ಸಿಗ್ನಲ್ ಒಂದು ಮಿಲಿವ್ಯಾಟ್‌ನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಟವರ್ ದೂರ ಇದ್ದಾಗ 4ಜಿ ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ, ಸುಮಾರು 200 ಮಿಲಿವ್ಯಾಟ್. ಮಲೆನಾಡಿನ ಗುಡ್ಡದ ಸಂದಿಯ ಮನೆಯಲ್ಲಿ ಫೋನ್ ಯಾವಾಗಲೂ ಕೂಗುತ್ತಲೇ ಇರುತ್ತದೆ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗ ಒಂದೇ, ಜಗಲಿಯ ಕಿಟಕಿ. ಅಪ್ಪಯ್ಯ ಅಲ್ಲಿ ಮೊಳೆ ಹೊಡೆದು, ಬಟ್ಟೆ ಚೀಲ ನೇತುಹಾಕಿ, ಅದರಲ್ಲೇ ಫೋನ್ ಇಡುತ್ತಾರೆ. ಬಂದ ಫೋನನ್ನು ಅಲ್ಲೇ ನಿಂತು ಸ್ಪೀಕರ್ ಹಾಕಿ ಮಾತಾಡುತ್ತಾರೆ. ಮಲೆನಾಡಿನಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಇಂಥದೊಂದು ಚೀಲ ನೋಡಿದ್ದೇನೆ.

ಮಾರನೇ ದಿನ ಬೆಳಿಗ್ಗೆ ಪರೀಕ್ಷೆ. 11470ರ ಒಂದು ಚಾನೆಲ್ ಹಾಕಿ, ಕ್ವಾಲಿಟಿ ಪಟ್ಟಿ ತೆರೆದಿಟ್ಟೆ. ಅಮ್ಮ ಲ್ಯಾಂಡ್‌ಲೈನಿನಿಂದ ಅಪ್ಪಯ್ಯನ ಮೊಬೈಲಿಗೆ ಫೋನ್ ಮಾಡಿ ಮಾತಾಡುತ್ತಲೇ ಇದ್ದರು. ನಾನು ಮೊಬೈಲ್ ಹಿಡಿದು ಮನೆಯೆಲ್ಲ ಸುತ್ತಿದೆ. ಅಡುಗೆಮನೆಯಲ್ಲಿ ಕ್ವಾಲಿಟಿ 57. ಬಾಕ್ಸಿನ ಮೇಲೆಯೇ ಫೋನ್ ಇಟ್ಟೆ, 52. ಕಿಟಕಿಯ ಚೀಲದಲ್ಲಿ ಇಟ್ಟೆ, 38, ಚಿತ್ರ ಹೋಯಿತು. ಕೈ ಮೇಲಕ್ಕೆ ಚಾಚಿ ಕಿಟಕಿಯ ಮೇಲಿನ ಹಲಗೆಗೆ ತಾಗಿಸಿದೆ, 20ಕ್ಕೆ ಬಿತ್ತು. 11090ಕ್ಕೆ ಬದಲಾಯಿಸಿ ಅದೇ ಜಾಗದಲ್ಲಿ ಫೋನ್ ಹಿಡಿದರೆ ಕ್ವಾಲಿಟಿ 70ರಿಂದ ಕದಲಲಿಲ್ಲ.

ಅಂದರೆ ಹಲಗೆಯ ಮೇಲೆ ಏನೋ ಇದೆ. ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಸುಲಿಯದ ಚಾಲಿ ಅಡಿಕೆಯ ಮೂಟೆ ಎರಡು ಸರಿಸಿದಾಗ ಕೇಬಲ್ ಸಿಕ್ಕಿತು. ಅಲ್ಲೊಂದು ದಪ್ಪ ಗಂಟು, ಕಪ್ಪು ಟೇಪು ಸುತ್ತಿದ್ದು. ಟೇಪಿನ ಅಂಟು ಬಿಸಿಲಿಗೆ ಕರಗಿ ಜಾರಿತ್ತು. ಬಿಚ್ಚಿ ನೋಡಿದರೆ ಎರಡು ಕೇಬಲ್ ತುದಿಗಳು. ನಡುವಿನ ತಂತಿಗಳನ್ನು ಒಂದಕ್ಕೊಂದು ಹೊಸೆದಿದ್ದರು. ಜಾಲರಿಯನ್ನು ಜಡೆಯ ಹಾಗೆ ಒಂದು ಬದಿಗೆ ಎಳೆದು ತಿರುಚಿದ್ದರು. ಅಲ್ಯುಮಿನಿಯಂ ಹಾಳೆ ಎರಡು ಕಡೆಯೂ ಹರಿದುಹೋಗಿತ್ತು. ಸುಮಾರು ನಾಲ್ಕು ಬೆರಳಿನಷ್ಟು ಉದ್ದ ನಡುವಿನ ತಂತಿಗೆ ಯಾವ ಮರೆಯೂ ಇಲ್ಲ. ನಾಲ್ಕು ಬೆರಳು ಅಂದರೆ ಏಳೆಂಟು ಸೆಂಟಿಮೀಟರ್. 1720 ಮೆಗಾಹರ್ಟ್ಸ್ ಅಲೆಯ ಉದ್ದವೇ 17 ಸೆಂಟಿಮೀಟರ್ ಚಿಲ್ಲರೆ. ಅದರ ಅರ್ಧಕ್ಕೆ ಹತ್ತಿರದ ಬರಿ ತಂತಿ ಅಂದರೆ ಫೋನಿಗಾಗಿಯೇ ಕಟ್ಟಿಕೊಟ್ಟ ಆಂಟೆನಾ ಇದ್ದ ಹಾಗೆ. ಅದು ಫೋನ್ ಚೀಲದ ನೇರ ಮೇಲೆ ಇತ್ತು.

"ಹೌದು, ಮೂರು ವರ್ಷದ ಹಿಂದೆ ಅಲ್ಲಿ ಇಲಿ ಕಡಿದಿತ್ತು, ಆಗ ಜೋಡಿಸಿದ್ದು" ಅಂತ ಅಪ್ಪಯ್ಯ ಆಮೇಲೆ ನೆನಪು ಮಾಡಿಕೊಂಡರು. ಮನೆ ಕರೆಂಟಿನ ವೈರನ್ನು ಹಾಗೆ ಹೊಸೆದು ಟೇಪು ಸುತ್ತಿದರೆ ನಡೆದುಬಿಡುತ್ತದೆ ಅಂತ ಎಲ್ಲರೂ ಇದನ್ನೂ ಹಾಗೇ ಮಾಡುತ್ತಾರೆ. ಡಿಶ್ ಕೇಬಲ್‌ಗೆ ಅದು ಆಗುವುದಿಲ್ಲ. ಜೋಡಿಸಲೇಬೇಕಾದರೆ ಎರಡು ಕಡೆ ಎಫ್ ಕನೆಕ್ಟರ್ ಹಾಕಿ, ನಡುವೆ ಜಾಯಿನರ್ ಕೊಡಬೇಕು. ಆಗ ಜಾಲರಿ ಎಲ್ಲೂ ಕಡಿಯದೆ ಸುತ್ತಲೂ ಮುಚ್ಚಿರುತ್ತದೆ.

ನಾನು ಜೋಡಿಸಲು ಹೋಗಲಿಲ್ಲ. ಪೇಟೆಗೆ ಹೋಗಿ ಒಳ್ಳೆಯ ಆರ್‌ಜಿ-6 ಕೇಬಲ್ 30 ಮೀಟರ್ ತಂದೆ. ಅಂಗಡಿಯಲ್ಲಿ ತುದಿ ಸುಲಿಸಿ ನೋಡಿದೆ. ಜಾಲರಿ ಒತ್ತಾಗಿದೆಯಾ, ಹಾಳೆ ತಂತಿಯ ಸುತ್ತಿನ ಬಿಳಿ ಪ್ಲಾಸ್ಟಿಕ್ಕಿಗೆ ಅಂಟಿದೆಯಾ ಅಂತ. ಅಗ್ಗದ ಕೇಬಲ್‌ನಲ್ಲಿ ಜಾಲರಿಯ ಎಳೆಗಳನ್ನು ಎಣಿಸಬಹುದು, ಅಷ್ಟು ವಿರಳ. ಕನೆಕ್ಟರ್ ಕೂಡ ತಿರುಗಿಸಿ ಹಾಕುವ ಬಗೆಯದು ಬೇಡ, ಒತ್ತಿ ಕೂರಿಸುವ ಕಂಪ್ರೆಷನ್ ಬಗೆಯದು ಬೇಕು ಅಂದೆ. ಅದಕ್ಕೆ ಬೇರೆ ಇಕ್ಕಳ ಬೇಕು. ಅಂಗಡಿಯವರು ಒಂದು ದಿನದ ಮಟ್ಟಿಗೆ ತಮ್ಮದನ್ನೇ ಕೊಟ್ಟರು. ಎಲ್ಲ ಸೇರಿ 900 ರೂಪಾಯಿಯ ಒಳಗೆ ಮುಗಿಯಿತು.

ಕನೆಕ್ಟರ್ ಹಾಕುವಾಗ ನಿಧಾನ ಬೇಕು. ಹೊರ ರಬ್ಬರ್ ಸುಲಿದ ಮೇಲೆ ಜಾಲರಿಯ ಎಳೆಗಳನ್ನು ಕತ್ತರಿಸಬಾರದು, ಹಿಂದಕ್ಕೆ ಮಡಿಚಬೇಕು. ಒಂದೇ ಒಂದು ಎಳೆ ಕೂಡ ನಡುವಿನ ತಂತಿಗೆ ತಾಗಬಾರದು. ತಾಗಿದರೆ ಅಲ್ಲೇ ಶಾರ್ಟ್. ಬಿಳಿ ಪ್ಲಾಸ್ಟಿಕ್ ಕನೆಕ್ಟರಿನ ಒಳ ಅಂಚಿಗೆ ಸಮ ಬರುವ ತನಕ ತಳ್ಳಬೇಕು, ತಂತಿ ಒಂದೆರಡು ಮಿಲಿಮೀಟರ್ ಮಾತ್ರ ಹೊರಗೆ ಕಾಣಬೇಕು. ಮೊದಲನೆಯದು ನನಗೆ ಸರಿ ಬರಲಿಲ್ಲ, ಕತ್ತರಿಸಿ ಮತ್ತೆ ಹಾಕಿದೆ.

ಡಿಶ್ ತುದಿಯಲ್ಲಿ ಕೇಬಲ್ ಎಲ್‌ಎನ್‌ಬಿಯಿಂದ ಕೆಳಗೆ ಜೋತು ಮತ್ತೆ ಮೇಲೇರುವ ಹಾಗೆ ಒಂದು ಬಳಸು ಬಿಟ್ಟೆ. ಮಳೆ ನೀರು ಕೇಬಲ್ ಗುಂಟ ಹರಿದು ಆ ಬಳಸಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಕನೆಕ್ಟರ್ ಮೇಲೆ ಹಿಗ್ಗುವ ರಬ್ಬರ್ ಟೇಪು, ಅದರ ಮೇಲೆ ಹಳೇ ಸೈಕಲ್ ಟ್ಯೂಬಿನ ತುಂಡು. ಸಿಲಿಕೋನ್ ಬಳಿಯುವವರು ಒಂದು ಗಮನಿಸಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದು ಒಣಗುವಾಗ ಬಿಡುವ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಅಟ್ಟದಲ್ಲಿ ಇಲಿ ಓಡಾಡುವಷ್ಟು ದೂರ ಕೇಬಲನ್ನು ಪಿವಿಸಿ ಪೈಪಿನ ಒಳಗೆ ಹಾಯಿಸಿದೆ.

ಬಾಕ್ಸಿಗೆ ಸಿಕ್ಕಿಸುವ ಮೊದಲು ಮತ್ತೆ ಓಮ್ ಪರೀಕ್ಷೆ ಮಾಡಿದೆ. 3ಕ್ಕೆ ಸ್ವಲ್ಪ ಮೇಲೆ, ಕೇಬಲ್ ಎಷ್ಟು ಅಲ್ಲಾಡಿಸಿದರೂ ಅಂಕಿ ಕದಲಲಿಲ್ಲ. ಕೊನೆಗೆ ಅಮ್ಮನನ್ನು ಟಿವಿ ಮುಂದೆ ಕೂರಿಸಿ, ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲಿ ಕೂದಲೆಳೆ ಕೂದಲೆಳೆ ತಿರುಗಿಸಿದೆ. "ಎಪ್ಪತ್ತಾರು... ಎಪ್ಪತ್ತೊಂಬತ್ತು... ಇಳೀತು, ಇಳೀತು, ಹಿಂದೆ ತಿರುಗ್ಸು." ಅಲ್ಲಿಗೆ ಬಿಗಿ ಮಾಡಿದೆ. 11090ರಲ್ಲಿ 79, 11470ರಲ್ಲಿ 77.

ಆ ರಾತ್ರಿಯೇ ಆಗುಂಬೆ ಕಡೆಯಿಂದ ಗುಡುಗಿನ ಸದ್ದು ಕೇಳಿ ಪ್ಲಗ್ಗನ್ನೂ ಕೇಬಲನ್ನೂ ಕಿತ್ತಿಟ್ಟೆವು. ಮಾರನೇ ಸಂಜೆ ಸಿಡಿಲಿಲ್ಲದ ಜಡಿಮಳೆ. ಚಿತ್ರ ನಾಲ್ಕು ನಿಮಿಷ ಹೋಯಿತು. ಮಳೆ ಸ್ವಲ್ಪ ತೆಳುವಾದ ಕೂಡಲೇ ತಾನಾಗಿ ಬಂತು. ಬೆಳಗಿನ ಇಬ್ಬನಿಗೆ ಏನೂ ಆಗಲಿಲ್ಲ.

ನಾನು ಹೊರಡುವ ಹಿಂದಿನ ರಾತ್ರಿ ಎಂಟಕ್ಕೆ ಅತ್ತೆಯ ಫೋನ್ ಬಂತು. ಅಪ್ಪಯ್ಯ ಕಿಟಕಿ ಹತ್ತಿರ ನಿಂತು, ಚೀಲದಲ್ಲೇ ಸ್ಪೀಕರ್ ಹಾಕಿ, ಅರ್ಧ ಗಂಟೆ ಅಡಿಕೆ ಧಾರಣೆ ಮಾತಾಡಿದರು. ಟಿವಿ ಓಡುತ್ತಲೇ ಇತ್ತು. ಅಮ್ಮ ಕ್ಯಾಲೆಂಡರಿಗೆ ಕಟ್ಟಿದ್ದ ಪೆನ್ಸಿಲ್ ಬಿಚ್ಚಿ ಹಾಲಿನ ಲೆಕ್ಕದ ಪುಸ್ತಕದೊಳಗೆ ಇಟ್ಟರು.